ಐತಾನಾ ಬೊನ್ಮತಿಯ ಹಟ

ಆಟಗಾರ್ತಿಯ ಕಾಲಿನ ಕೌಶಲವನ್ನು ಮನಸಾರೆ ಮೆಚ್ಚಿಕೊಂಡು, ಅವಳ ಬಾಯಿ ಮಾತ್ರ ಮುಚ್ಚಿರಲಿ ಎಂದು ಬಯಸುವ ರಸಿಕರು ಎಲ್ಲ ದೇಶಗಳಲ್ಲಿಯೂ ಉಂಟು. 2023ರಿಂದ 2025ರವರೆಗೆ ಸತತವಾಗಿ ಮೂರು ಸಲ ಬ್ಯಾಲನ್ ಡಿ'ಓರ್ ಪ್ರಶಸ್ತಿಗೆ ಭಾಜನಳಾದ ಸ್ಪೇನಿನ ಫುಟ್‌ಬಾಲ್ ಆಟಗಾರ್ತಿ ಐತಾನಾ ಬೊನ್ಮತಿಯಂಥವಳಿಗೆ ದೇಶದ ಫುಟ್‌ಬಾಲ್ ಒಕ್ಕೂಟದ ಆಡಳಿತದ ಗೊಡವೆ ಏಕೆಂದು ಕೇಳುವವರು, ನನ್ನ ಅಭಿಮತದಲ್ಲಿ, ಆಕೆಯ ಆಟವನ್ನೇ ಸರಿಯಾಗಿ ನೋಡಿದವರಲ್ಲ.

ಹಟವೆಂಬುದು ಆಕೆಗೆ ಮನೆಯಿಂದಲೇ ಬಂದದ್ದು. 1998ರಲ್ಲಿ ಆಕೆ ಜನಿಸಿದಾಗ, ಮಗುವಿನ ಹೆಸರಿನಲ್ಲಿ ತಂದೆಯ ಕುಲನಾಮವೇ ಮೊದಲು ಬರತಕ್ಕದ್ದೆಂದು ಸ್ಪೇನಿನ ಕಾನೂನು ವಿಧಿಸಿತ್ತು. ಕ್ಯಾಟಲನ್ ಭಾಷಾಸಾಹಿತ್ಯದ ಅಧ್ಯಾಪಕರಾಗಿದ್ದ ತಾಯಿತಂದೆಗಳು ಇದನ್ನೊಪ್ಪದೆ ಸಮಾನಮನಸ್ಕರೊಡನೆ ಸೇರಿ ಹೋರಾಡಿದರು. 1999ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಇಂದು ಜಗತ್ತು ಆಕೆಯನ್ನು ಗುರುತಿಸುವ ಕುಲನಾಮ ತಾಯಿಯದು.

ಇನ್ನು ಆಟ. ಬಾರ್ಸಿಲೋನಾ ಸಂಸ್ಥೆಯನ್ನು ಬಾಲ್ಯದಲ್ಲಿಯೇ ಸೇರಿ, ಅದರೊಡನೆ ಮೂರು ಸಲ ಯೂರೋಪಿನ ಚಾಂಪಿಯನ್ಸ್ ಲೀಗನ್ನು ಗೆದ್ದ ಈಕೆ ಮೈದಾನದ ಮಧ್ಯಭಾಗದ ಆಟಗಾರ್ತಿಯಾದ ಕಾರಣ, ಗೋಲುಗಳ ಸಂಖ್ಯೆಯಿಂದ ಆಕೆಯನ್ನು ಅಳೆಯಲು ಹೊರಡುವುದು ವ್ಯರ್ಥ. ಚೆಂಡು ತನ್ನ ಬಳಿಗೆ ಬರುವ ಮೊದಲೇ ಎದುರಾಳಿಗಳ ನಡುವೆ ತೆರಪು ಎಲ್ಲಿದೆಯೆಂದು ಕತ್ತು ತಿರುಗಿಸಿ ಕಂಡುಕೊಳ್ಳುವುದೇ ಆಕೆಯ ವಿದ್ಯೆ. 2025ರ ಯೂರೋ ಕಪ್ಪಿಗೆ ಕೆಲವೇ ದಿನಗಳಿರುವಾಗ ವೈರಾಣುಜನ್ಯ ಮೆದುಳುಪೊರೆಯ ಉರಿಯೂತದಿಂದ ಆಸ್ಪತ್ರೆ ಸೇರಿದ್ದವಳು, ಜ್ಯೂರಿಕ್‌ನಲ್ಲಿ ಜರ್ಮನಿಯ ವಿರುದ್ಧ ನಡೆದ ಸೆಮಿಫೈನಲಿನ 113ನೆಯ ನಿಮಿಷದಲ್ಲಿ, ಎಲ್ಲರೂ ಚೆಂಡನ್ನು ಗೋಲಿನ ಮುಂದಕ್ಕೆ ತೂರುವಳೆಂದು ನಿರೀಕ್ಷಿಸುತ್ತಿರಲು, ಅತ್ಯಂತ ಕಿರಿದಾದ ಕೋನದಿಂದ ಹತ್ತಿರದ ಕಂಬದ ಪಕ್ಕದಲ್ಲಿಯೇ ಅದನ್ನು ಒಳಕ್ಕೆ ಹೊಡೆದಳು. ಎದುರಾಳಿ ಗೋಲ್‌ಕೀಪರ್ ಆ ಕಡೆ ಜಾಗ ಬಿಡುವುದನ್ನು ಮುಂಚಿತವಾಗಿ ಗಮನಿಸಿಟ್ಟುಕೊಂಡಿದ್ದುದಾಗಿ ಬಳಿಕ ಆಕೆಯೇ ತಿಳಿಸಿದಳು. (ಫೈನಲಿನಲ್ಲಿ ಇಂಗ್ಲೆಂಡಿನ ವಿರುದ್ಧ ಆಕೆಯ ಪೆನಾಲ್ಟಿಯೇ ತಡೆಯಲ್ಪಟ್ಟಿತೆಂಬುದನ್ನೂ ಮರೆಮಾಚಬೇಕಾಗಿಲ್ಲ.)

ಇದೇ ಕಣ್ಣು ಒಕ್ಕೂಟದ ಮೇಲೂ ಬಿದ್ದಿತು. 2022ರ ಸೆಪ್ಟೆಂಬರಿನಲ್ಲಿ, ರಾಷ್ಟ್ರೀಯ ತಂಡದ ವ್ಯವಸ್ಥೆ ತಮ್ಮ ಮನಃಸ್ಥಿತಿಗೂ ಆರೋಗ್ಯಕ್ಕೂ ಬಾಧಕವಾಗಿದೆಯೆಂದೂ, ಪರಿಸ್ಥಿತಿ ಸುಧಾರಿಸುವವರೆಗೆ ತಮ್ಮನ್ನು ಕರೆಯಬಾರದೆಂದೂ ಪತ್ರ ಬರೆದ 15 ಆಟಗಾರ್ತಿಯರಲ್ಲಿ ಬೊನ್ಮತಿಯೂ ಒಬ್ಬಳು. ಅವರಲ್ಲಿ 2023ರ ವಿಶ್ವಕಪ್ಪಿಗೆ ಹೋದವರು ಮೂವರೇ; ಈಕೆ ಹೋದಳು, ಪತ್ರ ಬರೆದಾಗ ಇದ್ದ ತರಬೇತುದಾರ ಹಾರ್ಹೆ ವಿಲ್ಡಾನ ಕೈಕೆಳಗೇ ಆಡಿದಳು. ಇದು ಶರಣಾಗತಿಯಲ್ಲವೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸಿಡ್ನಿಯಲ್ಲಿ ಸ್ಪೇನ್ ಗೆದ್ದು, ಟೂರ್ನಿಯ ಶ್ರೇಷ್ಠ ಆಟಗಾರ್ತಿಯೆಂದು ಈಕೆ ಘೋಷಿತಳಾಗಿ, ಪದಕಪ್ರದಾನದ ವೇಳೆಯಲ್ಲಿ ಒಕ್ಕೂಟದ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ ಸಹ ಆಟಗಾರ್ತಿ ಜೆನಿ ಎರ್ಮೋಸೊಳನ್ನು ಆಕೆಯ ಸಮ್ಮತಿಯಿಲ್ಲದೆ ಚುಂಬಿಸಿದ ಮೇಲೆ, ಅದೇ ವರ್ಷದ ಆಗಸ್ಟಿನ ಕೊನೆಯಲ್ಲಿ ಮೊನಾಕೊದಲ್ಲಿ ಯೂರೋಪಿನ ವರ್ಷದ ಆಟಗಾರ್ತಿ ಪ್ರಶಸ್ತಿಯನ್ನು ಸ್ವೀಕರಿಸುತ್ತ, ಕೃತಜ್ಞತೆಯ ಎರಡು ಮಾತಿಗೆ ನಿಲ್ಲಿಸದೆ, ಅಧಿಕಾರದ ದುರುಪಯೋಗವನ್ನು ಸಮಾಜ ಸಹಿಸಬಾರದೆಂದು ಸಭೆಯ ಮುಂದೆ ನಿಂತು ನುಡಿದವಳು ಈಕೆಯೇ. ಮುಂದಿನ ಹತ್ತು ದಿನಗಳೊಳಗೆ ವಿಲ್ಡಾನನ್ನು ವಜಾ ಮಾಡಲಾಯಿತು, ರುಬಿಯಾಲೆಸ್ ರಾಜೀನಾಮೆಯನ್ನು ಪ್ರಕಟಿಸಿದ. ವಿಶ್ವಕಪ್ಪನ್ನು ಗೆದ್ದುತಂದವರ ಮಾತನ್ನು ಅಲಕ್ಷಿಸುವುದು ಕಷ್ಟ. ಬೊನ್ಮತಿ ಹೋಗಿದ್ದರಿಂದ ಆದ ಪ್ರಯೋಜನ ಅದು. ಹೋಗದೆ ಉಳಿದ ಮಾಪಿ ಲಿಯೋನ್, ಪತ್ರಿ ಗಿಹಾರೊ ಮೊದಲಾದವರಿಗೂ ಆ ಪ್ರಯೋಜನದಲ್ಲಿ ಸಮಪಾಲು ಉಂಟೆಂದು ನಾನು ಎಣಿಸುತ್ತೇನೆ, ಅವರಿಗೆ ವಿಶ್ವಕಪ್ಪಿನ ಪದಕ ದೊರೆಯದಿದ್ದರೂ.