ಮೂವತ್ತೆರಡೇ ಸಾಕು

2024ರ ಅಕ್ಟೋಬರ್ 1ರ ನಸುಕಿನಲ್ಲಿ, ಐದು ಗಂಟೆಗೆ ಸ್ವಲ್ಪ ಮುಂಚೆ, ನಟ ಗೋವಿಂದ ಜುಹುವಿನ ಮನೆಯಿಂದ ಕೋಲ್ಕತ್ತದ ವಿಮಾನ ಹಿಡಿಯಲು ಹೊರಟಿದ್ದರು. ಹೊರಡುವ ಮುನ್ನ ತಮ್ಮ ಪರವಾನಗಿಯ ರಿವಾಲ್ವರನ್ನು ಕಪಾಟಿನಲ್ಲಿಡಲು ಹೋದಾಗ ಅದು ಕೈಜಾರಿತು, ಗುಂಡು ಹಾರಿ ಎಡಗಾಲಿನ ಮೊಣಕಾಲ ಕೆಳಗೆ ಹೊಕ್ಕಿತು. ವೈದ್ಯರು ಗುಂಡು ತೆಗೆದರು. ಮೂರು ದಿನಗಳ ಬಳಿಕ ಗೋವಿಂದ ಗಾಲಿಕುರ್ಚಿಯಲ್ಲಿ ಆಸ್ಪತ್ರೆಯಿಂದ ಹೊರಬಂದು, ಕಾದಿದ್ದ ಅಭಿಮಾನಿಗಳತ್ತ ಕೈಬೀಸಿ ಮನೆಗೆ ಹೋದರು.

ಊರಿಗೆಲ್ಲ ನಗುವುದಕ್ಕೊಂದು ವಿಷಯ ಸಿಕ್ಕಿತು. ನಗು ತಗ್ಗಿದ ಮೇಲೆ ಕೆಲವರಿಗೆ ಅನುಮಾನವೂ ಬಂತು. ಪೊಲೀಸರು ಬಂದರು, ಹೇಳಿಕೆ ಪಡೆದರು, ಆಯುಧ ವಶಕ್ಕೆ ತೆಗೆದುಕೊಂಡರು. ಈ ಗದ್ದಲದಲ್ಲಿ ಹೆಚ್ಚಿನವರು ಗಮನಿಸದೆ ಬಿಟ್ಟದ್ದು ವರದಿಗಳಲ್ಲಿದ್ದ ಒಂದು ಪುಟ್ಟ ಸಂಖ್ಯೆಯನ್ನು. ರಿವಾಲ್ವರು .32 ಬೋರಿನದು.

ಮುಂಬಯಿಯಲ್ಲಿ ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಂಡವರು ಕೂಡಿದಲ್ಲಿ ಈ ಸಂಖ್ಯೆಯ ಬಗ್ಗೆ ಒಂದು ದೂರು ತಪ್ಪದೆ ಬರುತ್ತದೆ. ಬಿಲ್ಡರ್ ಇರಲಿ, ಆಭರಣದ ಅಂಗಡಿಯವರಿರಲಿ, ಹೊಟೇಲು ನಡೆಸುವ ಶೆಟ್ಟರಿರಲಿ, ಮಾತು ಒಂದೇ: ‘ಮೂವತ್ತೆರಡರಲ್ಲಿ ದಮ್ಮಿಲ್ಲ.’ ಇಂಗ್ಲಿಷ್ ಸಿನಿಮಾಗಳ ಮ್ಯಾಗ್ನಮ್ ಅವರ ಕನಸು. ಆಮದು ನಿಲ್ಲುವ ಮೊದಲು ಬಂದ ಹಳೆಯ .357 ಯಾರದೋ ಬಳಿ ಇದೆಯಂತೆ ಎಂಬ ಸುದ್ದಿ ಬಂದರೆ, ಊರಿನ ಗದ್ದೆ ಮಾರಿಯಾದರೂ ಕೊಳ್ಳುವ ಉತ್ಸಾಹ. ಈ ಆಸೆ ತಪ್ಪು ಲೆಕ್ಕದ ಮೇಲೆ ನಿಂತಿದೆ. ಮುಂಬಯಿಯಂಥ ಊರಿನಲ್ಲಿ, ಅಲ್ಲಿನ ಮನೆಗಳಲ್ಲಿ, ವರ್ಷಕ್ಕೊಮ್ಮೆಯೂ ಗುರಿ ಹಿಡಿದು ನೋಡದ ಕೈಗಳಲ್ಲಿ, ರಿವಾಲ್ವರ್ ಇರಲೇಬೇಕಾದರೆ ಅದು ಮೆದುವಾದ ಬೋರಿನದೇ ಆಗಿರಬೇಕು.

ಮೊದಲು ಲೆಕ್ಕ ನೋಡಬಹುದು. ಭಾರತದಲ್ಲಿ ಮಾರಾಟವಾಗುವ .32 ಎಂದರೆ 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ತೋಟಾ. ನಳಿಗೆ ಬಿಟ್ಟು ಹೊರಡುವಾಗ ಅದರ ಗುಂಡಿನ ಶಕ್ತಿ ಸುಮಾರು 160 ಜೂಲ್. 1935ರಲ್ಲಿ ಬಂದ .357 ಮ್ಯಾಗ್ನಮ್‌ನದು ಸುಮಾರು 700, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಇವೆರಡರ ನಡುವೆ .38 ಸ್ಪೆಷಲ್ ಬರುತ್ತದೆ, ಸುಮಾರು 270. .357 ಅಸಲಿಗೆ ಇದೇ .38ರ ಹಿರಿಯಣ್ಣ. ಗುಂಡಿನ ದಪ್ಪ ಒಂದೇ, ತೋಟಾ ಮಾತ್ರ ಮೂರು ಮಿಲಿಮೀಟರಿನಷ್ಟು ಉದ್ದ. ಹೆಚ್ಚು ಒತ್ತಡದ ಆ ತೋಟಾವನ್ನು ಹಳೆಯ .38 ರಿವಾಲ್ವರಿಗೆ ಯಾರೂ ತಪ್ಪಿ ತುಂಬಬಾರದೆಂದೇ ಹಾಗೆ ಉದ್ದ ಮಾಡಿದರು. ಆದ್ದರಿಂದ ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಹಾರಿಸಬಹುದು, .38ರಲ್ಲಿ ಮ್ಯಾಗ್ನಮ್ ಹೋಗದು. ಅಮೆರಿಕದಲ್ಲಿ ಮ್ಯಾಗ್ನಮ್ ಕೊಂಡ ಎಷ್ಟೋ ಜನ ಅದಕ್ಕೆ .38 ತೋಟಾ ತುಂಬಿಯೇ ಅಭ್ಯಾಸ ಮಾಡುತ್ತಾರೆ ಎಂಬುದನ್ನು ಇಲ್ಲಿನ ಮ್ಯಾಗ್ನಮ್ ಪ್ರಿಯರು ಹೇಳುವುದಿಲ್ಲ.

ಭಾರತದ ನಾಗರಿಕನಿಗೆ .32 ದಕ್ಕಿದ್ದು ಯಾರದೋ ವಿವೇಕದಿಂದಲ್ಲ, ಹೆದರಿಕೆಯಿಂದ. 1857ರ ನೆನಪು ಹಸಿಯಾಗಿದ್ದ ಬ್ರಿಟಿಷರು 1878ರ ಆಯುಧ ಕಾಯ್ದೆಯಿಂದ ಭಾರತೀಯರ ಕೈಯಿಂದ ಕೋವಿ ಕಿತ್ತುಕೊಂಡರು. ಸ್ವಾತಂತ್ರ್ಯದ ಬಳಿಕ 1959ರ ಕಾಯ್ದೆ, 1962ರ ನಿಯಮಗಳು ಬಂದವು. ಒಳಗಿನ ಅಂಜಿಕೆ ಪೂರ್ತಿ ಹೋಗಲಿಲ್ಲ. ಸೈನ್ಯ, ಪೊಲೀಸರು ಬಳಸುವ ತೋಟಾ ನಾಗರಿಕರ ಕೋವಿಗೆ ಹೊಂದಬಾರದು ಎಂಬುದೇ ‘ನಿಷೇಧಿತ ಬೋರ್’ ಎಂಬ ಮಾತಿನ ತಿರುಳು. .303 ರೈಫಲ್ ಸಿಗದವರಿಗೆ ಇಛಾಪುರದ ಕಾರ್ಖಾನೆ .315 ಮಾಡಿಕೊಟ್ಟಿತು. ರಿವಾಲ್ವರಿನಲ್ಲಿ .380, .455 ನಿಷಿದ್ಧವಾದವು, ಪಿಸ್ತೂಲಿನಲ್ಲಿ ಸೇನೆಯ 9 ಮಿಲಿಮೀಟರ್. ಉಳಿದದ್ದರಲ್ಲಿ ಸರ್ಕಾರಿ ಕಾರ್ಖಾನೆಗಳು ಆರಿಸಿಕೊಂಡದ್ದು .32ನ್ನು. 1980ರ ದಶಕದ ನಡುವಿನಲ್ಲಿ ನಾಗರಿಕರಿಗೆ ವಿದೇಶಿ ಆಯುಧಗಳ ಆಮದೂ ನಿಂತಿತು. ಅಲ್ಲಿಂದೀಚೆಗೆ ಕಾನ್ಪುರದ .32 ಎಂದರೆ ಭಾರತೀಯ ರಿವಾಲ್ವರ್ ಎಂಬಂತಾಗಿದೆ. 2014ರಲ್ಲಿ ಹೆಂಗಸರಿಗೆಂದು ತಂದ ‘ನಿರ್ಭೀಕ್’ .32. ಬ್ರಿಟನ್ನಿನ ವೆಬ್ಲಿ ಅಂಡ್ ಸ್ಕಾಟ್ 2020ರಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಗೆ ಬಂದಾಗಲೂ ಮೊದಲು ಮಾಡಲು ಹೊರಟದ್ದು .32.

ಇನ್ನೊಂದು ಸ್ವಾರಸ್ಯವಿದೆ. ನಿಷೇಧಿತ ಪಟ್ಟಿಯಲ್ಲಿರುವ ಆ .380 ಕೂಡ ಒಂದು ಕಾಲದಲ್ಲಿ ಮೆದುವಾದದ್ದೆಂದೇ ಆಯ್ಕೆಯಾದದ್ದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿದ್ದುದು ದೈತ್ಯ .455 ವೆಬ್ಲಿ. ಹೊಡೆತ ಭಾರಿ, ಆದರೆ ಅವಸರದಲ್ಲಿ ತರಬೇತಿ ಪಡೆದವರ ಕೈಗೆ ಅದರ ತೂಕವೂ ಹಿನ್ನೊದೆತವೂ ಭಾರಿ. ಯುದ್ಧ ಮುಗಿದ ಮೇಲೆ ಸೈನ್ಯದವರು ಕೂತು ಯೋಚಿಸಿ, ಸಾಮಾನ್ಯ ಸಿಪಾಯಿ ಬೇಗ ಕಲಿಯಬಹುದಾದ ಚಿಕ್ಕ ಬೋರಿಗೆ ಇಳಿದರು. 1932ರಲ್ಲಿ ಎನ್‌ಫೀಲ್ಡಿನ .38 ಸೇವೆಗೆ ಬಂತು. ಯುದ್ಧ ಕಂಡವರೇ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಹಿಡಿದರು ಎಂಬುದು ಕಪಾಟಿನಲ್ಲಿ ರಿವಾಲ್ವರ್ ಇಟ್ಟುಕೊಂಡವರಿಗೆ ಗೊತ್ತಿರಬೇಕಾದ ಸಂಗತಿ.

ಅಮೆರಿಕದ ಎಫ್‌ಬಿಐ ಕೂಡ ಇದೇ ದಾರಿಯಲ್ಲಿ ಸುತ್ತಿ ಬಂದಿದೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತರು. ತಪ್ಪನ್ನು 9 ಮಿಲಿಮೀಟರ್ ಗುಂಡಿನ ತಲೆಗೆ ಕಟ್ಟಿ ಸಂಸ್ಥೆ 10 ಮಿಲಿಮೀಟರಿಗೆ ಏರಿತು. ಅದರ ಒದೆತ ಹಲವರಿಗೆ ಆಗಿಬರಲಿಲ್ಲ, ಮದ್ದು ಕಡಿಮೆ ಮಾಡಿದರು. ಮದ್ದು ಕಡಿಮೆಯಾದ ಮೇಲೆ ಅಷ್ಟುದ್ದದ ತೋಟಾ ಯಾಕೆ ಎಂದು ಗಿಡ್ಡ ಮಾಡಿದ್ದೇ .40 ಆಯಿತು. ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಮತ್ತೆ 9 ಮಿಲಿಮೀಟರಿಗೇ ಮರಳಿದರು. ಈ ನಡುವೆ ಗುಂಡುಗಳ ರಚನೆ ಸುಧಾರಿಸಿತ್ತು, ನಿಜ. ಆದರೆ ಏಜೆಂಟರು ಚಿಕ್ಕ ಬೋರಿನಲ್ಲಿ ಹೆಚ್ಚು ನಿಖರವಾಗಿ, ಹೆಚ್ಚು ಬೇಗ ಹೊಡೆಯುತ್ತಾರೆ ಎಂಬುದೂ ಕಾರಣಗಳಲ್ಲೊಂದು. ಅವರು ಹೊಟ್ಟೆಪಾಡಿಗೇ ಕೋವಿ ಹಿಡಿದವರು, ತೋಟಾ ಸರ್ಕಾರದ್ದು, ಅಭ್ಯಾಸ ಕಡ್ಡಾಯ.

ಮುಂಬಯಿಯಲ್ಲಿ ವರಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ನಿನ ರೇಂಜ್ ಇದೆ. ಅಲ್ಲಿ ಬೆವರು ಸುರಿಸುವವರು ಹೆಚ್ಚಾಗಿ ಕ್ರೀಡಾಪಟುಗಳು. ಆತ್ಮರಕ್ಷಣೆಗೆಂದು ಪರವಾನಗಿ ತೆಗೆದವರಲ್ಲಿ ಹೆಚ್ಚಿನವರು ಕೊಂಡ ಹೊಸದರಲ್ಲಿ ನಾಲ್ಕು ಗುಂಡು ಹಾರಿಸಿ, ಒರೆಸಿ ಒಳಗಿಟ್ಟವರು. ಮತ್ತೆ ಹೊರತೆಗೆಯುವುದು ನವೀಕರಣಕ್ಕೆ, ಇಲ್ಲವೇ ದಸರೆಯ ಆಯುಧಪೂಜೆಗೆ. ಕೊಡಗಿನಲ್ಲಾದರೆ ಕೋವಿ ಮನೆಯ ಸದಸ್ಯನ ಹಾಗೆ. ಕೈಲ್‌ಪೊಳ್ದಿನಲ್ಲಿ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯೂ ಉಂಟು, ಹೆಂಗಸರೂ ಮಕ್ಕಳೂ ಕೋವಿಯ ಭಾರ ಬಲ್ಲವರು. ಅಂಧೇರಿಯ ಒಂಬತ್ತನೇ ಮಾಳಿಗೆಯಲ್ಲಿ ಆ ಬಳಕೆ ಎಲ್ಲಿಂದ ಬರಬೇಕು? ಅಭ್ಯಾಸವಿಲ್ಲದವನ ಕೈಯಲ್ಲಿ ಮ್ಯಾಗ್ನಮ್ ಮೊದಲ ಗುಂಡಿಗೇ ಮೇಲಕ್ಕೆ ಎಗರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಸದ್ದಿಗೆ ಕಿವಿ ಗುಂಯ್ ಎನ್ನುತ್ತದೆ, ಕತ್ತಲಲ್ಲಿ ಅದರ ಬೆಂಕಿಗೆ ಕಣ್ಣು ಕತ್ತಲೆಗಟ್ಟುತ್ತದೆ. ಎರಡನೆಯ ಗುಂಡು ಎಲ್ಲಿ ಹೋಗುತ್ತದೆ ಎಂದು ಹೇಳುವವರಿಲ್ಲ.

ಎಲ್ಲಿ ಹೋಗುತ್ತದೆ ಎಂಬುದೇ ಮುಂಬಯಿಯ ಮಟ್ಟಿಗೆ ದೊಡ್ಡ ಪ್ರಶ್ನೆ. 2011ರ ಜನಗಣತಿಯಂತೆ ಬೃಹನ್ಮುಂಬಯಿಯಲ್ಲಿ ಸುಮಾರು 1.24 ಕೋಟಿ ಜನ, ಚದರ ಕಿಲೋಮೀಟರಿಗೆ ಇಪ್ಪತ್ತು ಸಾವಿರಕ್ಕೂ ಮೇಲೆ. ಪರೇಲಿನ ಚಾಳಿನಲ್ಲಿ ಎರಡು ಸಂಸಾರಗಳ ನಡುವೆ ಹಲಗೆಯ ಮರೆ. ಧಾರಾವಿಯಲ್ಲಿ ತಗಡು. ಹೊಸ ಗೋಪುರಗಳಲ್ಲೂ ಕೋಣೆಯಿಂದ ಕೋಣೆಗೆ ನಾಲ್ಕಿಂಚಿನ ಗೋಡೆ, ಅದಕ್ಕಿಂತ ತೆಳುವಾದದ್ದೂ ಇದೆ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸಬಹುದಾದ ಊರಿದು. ಗುರಿ ತಪ್ಪಿದ ಗುಂಡಿಗೆ ಇಲ್ಲಿ ಖಾಲಿ ಜಾಗ ಸಿಗುವುದಿಲ್ಲ, ಗೋಡೆಯಾಚೆ ಯಾರಾದರೊಬ್ಬರು ಮಲಗಿರುತ್ತಾರೆ. .32 ಕೂಡ ತಗಡು, ಹಲಗೆ ದಾಟಬಲ್ಲದು. ಅದಕ್ಕಿಂತ ನಾಲ್ಕು ಪಟ್ಟು ಶಕ್ತಿಯದು ಒಬ್ಬನ ದೇಹ ದಾಟಿದ ಮೇಲೂ ಪಕ್ಕದ ಮನೆಗೆ ಹೋಗುವ ಕಸುವು ಉಳಿಸಿಕೊಂಡಿರುತ್ತದೆ. ಜುಹುವಿನಲ್ಲಿ ಜಾರಿದ್ದು ಮ್ಯಾಗ್ನಮ್ ಆಗಿದ್ದರೆ ನಾಲ್ಕನೆಯ ದಿನ ಗಾಲಿಕುರ್ಚಿಯಲ್ಲಿ ಕೈಬೀಸುವ ದೃಶ್ಯ ಇರುತ್ತಿತ್ತೆಂದು ನಂಬುವುದು ಕಷ್ಟ.

‘ಮೆದು’ ಎಂಬ ಮಾತಿಗೆ ಮೋಸ ಹೋಗಬಾರದು. 1959ರ ಏಪ್ರಿಲ್ 27ರಂದು ನೌಕಾಪಡೆಯ ಕಮಾಂಡರ್ ನಾನಾವತಿ ತನ್ನ ಹಡಗಿನ ಉಗ್ರಾಣದಿಂದ ಒಂದು ರಿವಾಲ್ವರ್, ಆರು ತೋಟಾ ಪಡೆದರು. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕು ಎಂದು ಕಾರಣ ಹೇಳಿದ್ದರು. (ಹಡಗಿನ ಹೆಸರು ಐಎನ್‌ಎಸ್ ಮೈಸೂರು. ಆ ಪ್ರಕರಣದಲ್ಲಿ ಕನ್ನಡನಾಡಿನ ಪಾಲು ಇಷ್ಟೇ.) ಮಲಬಾರ್ ಹಿಲ್ಲಿನ ಫ್ಲಾಟೊಂದರ ಕೋಣೆಯಲ್ಲಿ ಮೂರು ಗುಂಡು ಹಾರಿದವು, ಪ್ರೇಮ್ ಆಹುಜಾ ಸತ್ತರು. ಅಷ್ಟು ಹತ್ತಿರದಲ್ಲಿ ಯಾವ ಬೋರೂ ಸಾಧುವಲ್ಲ. ಮನೆಯೊಳಗೆ ನಡೆಯುವುದೆಲ್ಲ ಆ ದೂರದಲ್ಲೇ ನಡೆಯುತ್ತದೆ. ಹಾಗಿದ್ದಮೇಲೆ ಹೆಚ್ಚಿನ ಶಕ್ತಿ ಬೇಕಾದದ್ದು ಯಾತಕ್ಕೆ?

ಮ್ಯಾಗ್ನಮ್ ಬೇಕೆನ್ನುವವರ ಉತ್ತರ ತೀರಾ ಪೊಳ್ಳಲ್ಲ. 1990ರ ದಶಕ ಕಂಡ ಮುಂಬಯಿಯ ಹೊಟೇಲಿನವರಿಗೆ ಫೋನಿನ ಗಂಟೆ ಎಂದರೇನೆಂದು ಗೊತ್ತಿದೆ. ಹಫ್ತಾ ಕೇಳುವ ದನಿಯಲ್ಲಿ ಒಮ್ಮೊಮ್ಮೆ ಊರಿನ ತುಳುವೇ ಇರುತ್ತಿತ್ತು. ಹೆದರಿದವರು ಪೊಲೀಸ್ ಕಮಿಷನರ ಕಚೇರಿಗೆ ಅರ್ಜಿ ಹಾಕಿದರು. ಎದುರಾಳಿಯ ಕೈಯಲ್ಲಿ ‘ಘೋಡಾ’ ಇರುವಾಗ (ಕನ್ನಡದಲ್ಲೂ ಕೋವಿಗೆ ಕುದುರೆ ಉಂಟಲ್ಲ!) ತಮ್ಮ ಕೈಯಲ್ಲಿ ಕುದುರೆಮರಿ ಯಾಕೆ ಎಂಬುದು ಅವರ ಪ್ರಶ್ನೆ. .32ರ ಒಂದು ಗುಂಡು ಕೆಚ್ಚಿನಿಂದ ಬರುವವನನ್ನು ನಿಂತಲ್ಲೇ ಕೆಡವದಿರಬಹುದು. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಆ ಊರಿನ ಇತಿಹಾಸ ಬೇರೆಯೇ ಹೇಳುತ್ತದೆ. 1997ರ ಆಗಸ್ಟ್ 12ರಂದು ಗುಲ್ಶನ್ ಕುಮಾರ್ ಅಂಧೇರಿಯ ಗುಡಿಯಿಂದ ಹೊರಬರುತ್ತಿದ್ದರು. 2000ದ ಜನವರಿಯಲ್ಲಿ ರಾಕೇಶ್ ರೋಶನ್ ಸಾಂತಾಕ್ರೂಜಿನ ಕಚೇರಿಯ ಹೊರಗೆ ಕಾರಿನ ಬಳಿ ಇದ್ದರು, ಗುಂಡು ತಗುಲಿಯೂ ಬದುಕಿದರು. ಗೋವಿಂದರ ಘಟನೆಯ ಹನ್ನೊಂದು ದಿನಗಳ ಬಳಿಕ ಬಾಂದ್ರಾ ಪೂರ್ವದಲ್ಲಿ ಬಾಬಾ ಸಿದ್ದೀಕಿ ಹತ್ಯೆಯಾದಾಗ ಜೊತೆಯಲ್ಲಿ ಪೊಲೀಸ್ ರಕ್ಷಕನೇ ಇದ್ದ. ಕೊಲ್ಲಲು ಬಂದವರು ಹೇಳಿ ಬರಲಿಲ್ಲ. ಸೊಂಟಕ್ಕೆ ಕೈಹಾಕುವಷ್ಟು ಪುರುಸೊತ್ತನ್ನೂ ಕೊಡದ ಇಂಥ ದಾಳಿಯಲ್ಲಿ ಸೊಂಟದಲ್ಲಿರುವುದು .32ಓ .357ಓ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಪುರುಸೊತ್ತು ಸಿಗುವ ಸಂದರ್ಭವೂ ಉಂಟು. ಬಾಗಿಲು ಒಡೆಯುವ ಕಳ್ಳ, ಅಂಗಡಿ ಮುಚ್ಚುವ ಹೊತ್ತಿಗೆ ಚಾಕು ತೋರಿಸುವವನು. ಅಲ್ಲಿ ಕೆಲಸ ಮಾಡುವುದು ನಡುಗುವ ಕೈಯಲ್ಲೂ ಹಿಡಿತಕ್ಕೆ ಸಿಗುವ ಆಯುಧ, ಮೊದಲನೆಯದು ತಪ್ಪಿದರೆ ಎರಡನೆಯದನ್ನು ಅದೇ ಗುರಿಗೆ ಕಳಿಸಬಹುದಾದ ಆಯುಧ. ಅರವತ್ತು ದಾಟಿದ ಯಜಮಾನರಿಗೂ, ಅಂಗಡಿಯಲ್ಲಿ ಒಬ್ಬರೇ ಕೂರುವ ಅಕ್ಕನಿಗೂ .32 ಆ ಮಟ್ಟಿಗೆ ಒಗ್ಗುತ್ತದೆ. ‘ನಿರ್ಭೀಕ್’ ಅರ್ಧ ಕಿಲೋ ಆಸುಪಾಸಿನಲ್ಲಿ ಮುಗಿದದ್ದೂ ಅದು .32 ಎಂಬ ಕಾರಣಕ್ಕೇ. ಅಷ್ಟು ಹಗುರ ಆಯುಧದಲ್ಲಿ ಮ್ಯಾಗ್ನಮ್ ಹಾರಿಸಿದರೆ ಮೊದಲ ಪೆಟ್ಟು ಹಾರಿಸಿದವರ ಮಣಿಕಟ್ಟಿಗೇ. (1,22,360 ರೂಪಾಯಿಯ ಬೆಲೆ ಇಟ್ಟು ಅದನ್ನು ಸಾಮಾನ್ಯ ಹೆಂಗಸರ ರಕ್ಷಣೆಗೆ ಎಂದದ್ದು ಬೇರೆಯೇ ತಮಾಷೆ.)

ಸಿನಿಮಾದ ಪಾಲನ್ನು ಮರೆಯುವಂತಿಲ್ಲ. 1971ರ ‘ಡರ್ಟಿ ಹ್ಯಾರಿ’ .44 ಮ್ಯಾಗ್ನಮ್ಮನ್ನು ಗಂಡಸುತನದ ಅಳತೆಗೋಲು ಮಾಡಿತು. ಕನ್ನಡ ಸಿನಿಮಾ ಈ ವಿಷಯದಲ್ಲಿ ಲಾಂಗು, ಮಚ್ಚಿನ ಹಿಂದೆ ಹೋದದ್ದರಿಂದ ಬೋರಿನ ಹುಚ್ಚು ನಮ್ಮೂರುಗಳಲ್ಲಿ ಅಷ್ಟಾಗಿ ಹಬ್ಬಲಿಲ್ಲ. ಲಾಂಗಿನ ಹುಚ್ಚು ಹಬ್ಬಿದ್ದೇನೂ ಲಾಭವಲ್ಲ. ತೆರೆಯ ಮೇಲಿನ ಗುಂಡು ಖಳನನ್ನು ಹೊಡೆದು ಅಲ್ಲಿಗೇ ಮುಗಿಯುತ್ತದೆ. ಗೋಡೆಯಾಚೆಯ ಮನೆಯನ್ನು ಯಾವ ನಿರ್ದೇಶಕನೂ ತೋರಿಸುವುದಿಲ್ಲ.

ಮ್ಯಾಗ್ನಮ್ಮಿಗೆ ಹುಡುಕಾಡುವ ದುಡ್ಡಿನಲ್ಲಿ ಒಂದು ಗಟ್ಟಿ ಉಕ್ಕಿನ ಪೆಟ್ಟಿಗೆ, ವರಳಿಯಲ್ಲಿ ಕೆಲವು ಭಾನುವಾರಗಳ ಅಭ್ಯಾಸ, ಹಳೆಯ ರಿವಾಲ್ವರಿದ್ದರೆ ಬಲ್ಲವರಿಂದ ಒಂದು ಪರೀಕ್ಷೆ, ಇಷ್ಟೂ ಆಗಿ ಇನ್ನೂ ಉಳಿಯುತ್ತದೆ. ಜುಹುವಿನ ರಿವಾಲ್ವರ್ ಹಳೆಯದು, ತುಂಬಿಯೇ ಇತ್ತು ಎಂದು ವರದಿಗಳು ಹೇಳಿದವು. ತೋಟಾ ಬೇರೆ, ಆಯುಧ ಬೇರೆ ಇಟ್ಟಿದ್ದರೆ ಅಂದು ಯಾವ ಬೋರಿನ ಚರ್ಚೆಯೂ ಬೇಕಿರಲಿಲ್ಲ.

ಆ ಅಕ್ಟೋಬರ್ 15ರಂದು ಮಹಾರಾಷ್ಟ್ರದಲ್ಲಿ ವಿಧಾನಸಭಾ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಗೆ ಬಂತು. ಪ್ರತಿ ಚುನಾವಣೆಯಲ್ಲೂ ನಡೆಯುವಂತೆ, ಪರವಾನಗಿಯ ಆಯುಧಗಳನ್ನು ಪರಿಶೀಲಿಸಿ ಠಾಣೆಗಳಲ್ಲಿ ಜಮಾ ಮಾಡಿಸುವ ಕೆಲಸ ಶುರುವಾಯಿತು. ರಸೀದಿ ಬರೆದು, ನಂಬರು ತಾಳೆ ನೋಡಿ, ಚೀಟಿ ಅಂಟಿಸಿ ಒಳಗಿಡುತ್ತಾರೆ. ಜಮಾ ಮಾಡಿದವರು ಬರಿಗೈಯಲ್ಲಿ ಮನೆಗೆ ಹೋಗಿ, ಫಲಿತಾಂಶ ಬರುವ ತನಕ ಎಂದಿನಂತೆ ಅಂಗಡಿ ತೆರೆಯುತ್ತಾರೆ, ಮುಚ್ಚುತ್ತಾರೆ.