ಗಾಜಿನ ಮೇಲಿನ ಗೆರೆ ಬದಲಾದಾಗ

ಬಾದಾಮಿ, ಹುನಗುಂದ, ಇಳಕಲ್ಲಿನ ಯಾವ ಓಣಿ ಹೊಕ್ಕರೂ ಗೋಡೆಯ ಮೇಲೊಂದು ಹೆಸ್ಕಾಂ ಮೀಟರ್. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅದರತ್ತ ಕತ್ತೆತ್ತಿ ನೋಡುವವರು ಹೆಚ್ಚಾಗಿದ್ದಾರೆ. ಉಚಿತದ ಮಿತಿ ದಾಟಿತೋ ಇಲ್ಲವೋ ಎಂಬ ಲೆಕ್ಕ ಈಗ ಮನೆಮಂದಿಗೆಲ್ಲ ಬೇಕು. ಮೀಟರ್ ಎತ್ತರದಲ್ಲಿದ್ದರೆ ಮಾತ್ರ ಕೆಳಗಿನಿಂದ ಅಂಕಿ ಮಸುಕು. ಸ್ಟೂಲ್ ಹತ್ತಿ ನೇರಕ್ಕೆ ನಿಂತರೆ ಅದೇ ಅಂಕಿ ಕಪ್ಪಗೆ, ಖಚಿತವಾಗಿ ಕಾಣುತ್ತದೆ. ಚಾಳೀಸು ಬದಲಿಸಿ ಪ್ರಯೋಜನವಿಲ್ಲ. ಆ ಪುಟ್ಟ ಎಲ್‌ಸಿಡಿಯ ಗಾಜಿನ ಮೇಲೆ ಎಲೆಕ್ಟ್ರೋಡುಗಳು ಎಲ್ಲಿವೆ ಎಂಬುದರಲ್ಲೇ ಇದರ ಮೂಲವಿದೆ.

ಎರಡು ಗಾಜಿನ ಹಾಳೆ, ನಡುವೆ ಕೂದಲೆಳೆಗಿಂತ ಬಹಳ ಕಿರಿದಾದ ಸಂದು, ಆ ಸಂದಿನಲ್ಲಿ ದ್ರವ ಸ್ಫಟಿಕ. ಎರಡೂ ಗಾಜಿನ ಒಳಮೈಗೆ ವಿದ್ಯುತ್ ಹರಿಸುವ, ಆದರೂ ಬೆಳಕು ಬಿಡುವ ತೆಳು ಲೇಪ. ಇದು ಇಂಡಿಯಮ್ ಮತ್ತು ತವರದ ಆಕ್ಸೈಡು, ಕೆಲಸಗಾರರ ಬಾಯಲ್ಲಿ ಐಟಿಒ. ಎಂಟರ ಅಂಕಿಯನ್ನು ಏಳು ಕಡ್ಡಿಗಳಾಗಿ ಕೊರೆದು ಉಳಿಸಿದರೆ ಪ್ರತಿ ಕಡ್ಡಿಯೂ ಒಂದು ಎಲೆಕ್ಟ್ರೋಡ್. ಯಾವ ಕಡ್ಡಿಗೆ ವೋಲ್ಟೇಜ್ ಕೊಟ್ಟರೋ ಅದರ ಕೆಳಗಿನ ಅಣುಗಳು ಎದ್ದು ನಿಲ್ಲುತ್ತವೆ, ಬೆಳಕಿಗೆ ತಡೆಯಾಗುತ್ತದೆ, ಕಡ್ಡಿ ಕಪ್ಪಾಗುತ್ತದೆ. 1970ರ ಕೊನೆಗೆ ಸ್ವಿಟ್ಜರ್ಲೆಂಡಿನ ಹಾಫ್‌ಮನ್-ಲಾ ರೋಷ್ ಕಂಪನಿಯಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಷ್ ಪೇಟೆಂಟ್‌ಗೆ ಅರ್ಜಿ ಹಾಕಿದ ಉಪಾಯವಿದು. ಎದ್ದು ನಿಂತ ಅಣುವನ್ನು ಎದುರಿನಿಂದ ನೋಡಿದರೆ ಒಂದು ತರಹ, ಓರೆಯಿಂದ ನೋಡಿದರೆ ಇನ್ನೊಂದು ತರಹ. ಮೀಟರಿನ ಮಸುಕಿಗೆ ಇದೇ ಕಾರಣ. ಯಾವ ಕಡೆಯಿಂದ ನೋಡಿದರೆ ಚೆನ್ನಾಗಿ ಕಾಣಬೇಕು ಎಂಬುದನ್ನು ಗಾಜು ತಯಾರಿಸುವಾಗಲೇ ಆರಿಸಿಕೊಳ್ಳಬಹುದು. ಕೆಳಗಿನಿಂದ ನೋಡುವ ಉಪಕರಣಕ್ಕೆ ‘ಆರು ಗಂಟೆ’ ದಿಕ್ಕಿನದು, ಮೇಲಿನಿಂದ ನೋಡುವುದಕ್ಕೆ ‘ಹನ್ನೆರಡು ಗಂಟೆ’ ದಿಕ್ಕಿನದು ಎಂದು ಮಾರುವವರೇ ಹೆಸರಿಟ್ಟು ಮಾರುತ್ತಾರೆ. ಕೊಳ್ಳುವವರು ಕೇಳಬೇಕಷ್ಟೇ.

ಮನೆಯೊಳಗಿನ ಎಷ್ಟೋ ಟಿವಿಗಳಿಗೆ ಈ ಕಾಟ ಯಾಕಿಲ್ಲ? ಮೂಲೆಯಲ್ಲಿ ಕೂತ ಅಜ್ಜಿಗೂ ಧಾರಾವಾಹಿಯ ಬಣ್ಣ ಕೆಡದೆ ಕಾಣುವುದು ಹೇಗೆ? ಉತ್ತರ ಸರಳ. 1990ರ ದಶಕದಲ್ಲಿ ಜಪಾನಿನ ಹಿಟಾಚಿ ಕಂಪನಿ ಎರಡೂ ಎಲೆಕ್ಟ್ರೋಡುಗಳನ್ನು ಒಂದೇ ಗಾಜಿನ ಮೇಲೆ, ಬಾಚಣಿಕೆಯ ಹಲ್ಲುಗಳು ಒಂದರೊಳಗೊಂದು ಹೊಕ್ಕಂತೆ ಕೂರಿಸಿತು. ಆಗ ವಿದ್ಯುತ್ ಕ್ಷೇತ್ರ ಅಡ್ಡಲಾಗಿ ಹರಿಯುತ್ತದೆ. ಅಣುಗಳು ಎದ್ದು ನಿಲ್ಲದೆ ಮಲಗಿದಲ್ಲೇ ಹೊರಳುತ್ತವೆ. ಹೀಗಾಗಿ ನೋಡುವ ಓರೆ ಬದಲಾದರೂ ಚಿತ್ರ ಅಷ್ಟಾಗಿ ಕೆಡುವುದಿಲ್ಲ. ಕೊರತೆ ಒಂದಿತ್ತು. ಹಲ್ಲುಗಳ ಮೇಲೆಯೇ ಇದ್ದ ಅಣುಗಳು ಸರಿಯಾಗಿ ಹೊರಳದೆ ಅಲ್ಲಿನ ಬೆಳಕು ವ್ಯರ್ಥವಾಗುತ್ತಿತ್ತು. ಕೊರಿಯಾದ ಹುಂಡೈ ಸಂಶೋಧಕರು 1998ರಲ್ಲಿ ಕೆಳಗೊಂದು ಹಾಸು ಎಲೆಕ್ಟ್ರೋಡ್, ಅದರ ಮೇಲೆ ತೆಳುವಾದ ನಿರೋಧಕ ಪದರ, ಮೇಲೆ ಹಲ್ಲುಗಳು ಎಂಬ ವಿನ್ಯಾಸ ಪ್ರಕಟಿಸಿದರು. ಹಲ್ಲಿನ ಅಂಚಿನಲ್ಲಿ ಬಾಗುವ ಕ್ಷೇತ್ರವೇ ಅದರ ಮೇಲಿನ ಅಣುಗಳನ್ನೂ ತಿರುಗಿಸಿತು. ನೇರ ಹಲ್ಲನ್ನು ಅಂಕುಡೊಂಕಾಗಿ ಬಾಗಿಸಿದ್ದು ಇನ್ನೊಂದು ಸುಧಾರಣೆ. ಓರೆಯಿಂದ ನೋಡಿದಾಗ ಒಂದು ಭಾಗ ನೀಲಿಗೆ, ಪಕ್ಕದ್ದು ಹಳದಿಗೆ ವಾಲಿ, ಒಂದರ ದೋಷ ಇನ್ನೊಂದು ಮುಚ್ಚುತ್ತದೆ. ಮೂರರಲ್ಲೂ ದ್ರವ ಬದಲಾದದ್ದಕ್ಕಿಂತ ಗೆರೆ ಬದಲಾದದ್ದೇ ಮುಖ್ಯ.

ಗೆರೆಯ ಬೆಲೆ ಎಷ್ಟು ಎಂಬುದಕ್ಕೆ ಹುಂಡೈ ವಿನ್ಯಾಸದ ಮುಂದಿನ ಕಥೆಯೇ ಸಾಕ್ಷಿ. ಆ ವಿಭಾಗ ಹೈಡಿಸ್ ಎಂಬ ಕಂಪನಿಯಾಯಿತು. 2003ರಲ್ಲಿ ಅದನ್ನು ಚೀನಾದ ಬಿಒಇ ಕೊಂಡಿತು. ಆ ವಿದ್ಯೆಯನ್ನು ಕಲಿತು ಬೆಳೆದ ಬಿಒಇ ಇಂದು ಜಗತ್ತಿನ ಅತಿದೊಡ್ಡ ಎಲ್‌ಸಿಡಿ ತಯಾರಕರಲ್ಲಿ ಒಂದು. ಹೈಡಿಸ್ ಮುಂದೆ ತೈವಾನಿನ ಕೈಗೆ ಹೋಯಿತು, 2015ರಲ್ಲಿ ಅದರ ಕಾರ್ಖಾನೆ ಮುಚ್ಚಿತು, ಕಾರ್ಮಿಕರು ಬೀದಿಗೆ ಬಂದರು. ಪೇಟೆಂಟಿನ ರಾಯಧನ ಮಾತ್ರ ನಿಲ್ಲಲಿಲ್ಲ.

ಇಷ್ಟು ಓದಿದವರು ಇದೆಲ್ಲ ಹೊರದೇಶದವರ ವಿದ್ಯೆ ಎಂದುಕೊಂಡರೆ ತಪ್ಪಾಗುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದರು. 1977ರಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆ ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಕಂಡು, ಪ್ರಬಂಧವನ್ನು ನಮ್ಮದೇ ‘ಪ್ರಮಾಣ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಜಗತ್ತು ಬಲ್ಲದ್ದು ಕಡ್ಡಿಯಾಕಾರದ ಅಣುಗಳನ್ನು ಮಾತ್ರ. ಎರಡು ದಶಕದ ಬಳಿಕ ಜಪಾನಿನ ಫ್ಯೂಜಿ ಕಂಪನಿ ಆ ಬಿಲ್ಲೆ ಅಣುಗಳಿಂದಲೇ ಹಾಳೆ ತಯಾರಿಸಿ, ಓರೆಯಿಂದ ಕೆಡುವ ಹಳೆಯ ಮಾದರಿಯ ಪರದೆಗಳಿಗೆ ಅಂಟಿಸುವಂತೆ ಮಾಡಿ ಮಾರಿತು.

ನಮ್ಮವರ ಎರಡನೆಯ ಕೆಲಸ ಎಲೆಕ್ಟ್ರೋಡಿಗೇ ಸಂಬಂಧಿಸಿದ್ದು. ಚಿತ್ರ ತೋರಿಸುವ ಪರದೆಗೆ ಏಳು ಕಡ್ಡಿ ಸಾಲದು. ಇಳಕಲ್ಲಿನ ಮಗ್ಗದ ಮೇಲೆ ಹಾಸು ಹೊಕ್ಕು ಕೂಡುವ ಹಾಗೆ ಒಂದು ಗಾಜಿನ ಮೇಲೆ ಅಡ್ಡ ಪಟ್ಟಿ, ಇನ್ನೊಂದರ ಮೇಲೆ ಉದ್ದ ಪಟ್ಟಿ. ಎರಡೂ ಕೂಡಿದಲ್ಲಿ ಒಂದು ಚುಕ್ಕೆ. ಅಡ್ಡ ಸಾಲುಗಳು ಹೆಚ್ಚಿದಂತೆ ಬೆಳಗಬೇಕಾದ ಚುಕ್ಕೆಗೂ ಬೆಳಗಬಾರದ ಚುಕ್ಕೆಗೂ ವ್ಯತ್ಯಾಸ ಕರಗುತ್ತದೆ. ನೂರು ಸಾಲಾದರೆ ಎರಡರ ನಡುವಿನ ವೋಲ್ಟೇಜ್ ಅಂತರ ಶೇ 11ಕ್ಕೂ ಕಡಿಮೆ. ಆಲ್ಟ್ ಮತ್ತು ಪ್ಲೆಷ್ಕೊ ಎಂಬಿಬ್ಬರು 1974ರಲ್ಲೇ ಈ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದ್ದರು. ರಾಮನ್ ಸಂಸ್ಥೆಯ ಟಿ.ಎನ್. ರುಕ್ಮಾಂಗದನ್ ಸಾಲುಗಳನ್ನು ಒಂದೊಂದಾಗಿ ಕರೆಯುವ ಬದಲು ಗುಂಪು ಗುಂಪಾಗಿ ಒಟ್ಟಿಗೇ ಕರೆಯುವ ವಿಧಾನವನ್ನು 1988ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನದ ಮುಂದಿಟ್ಟರು. ಮಿತಿ ಮಾಯವಾಗಲಿಲ್ಲ, ಆದರೆ ಬೇಕಾದ ವೋಲ್ಟೇಜ್ ಇಳಿಯಿತು, ಚಿತ್ರದ ಮಿಣುಕು ತಗ್ಗಿತು. ಬಹುಸಾಲು ವಿಧಾನಗಳ ಮೇಲೆ ಆಮೇಲೆ ಪರದೇಶದ ಕಂಪನಿಗಳು ಮುಗಿಬಿದ್ದವು. ಇಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಎಲ್‌ಸಿಡಿ ತಯಾರಿಸಿದ್ದೂ ಉಂಟು, 1991ರಲ್ಲಿ ಚಂದ್ರಶೇಖರ್ ಅವರ ಹೊಸ ಸಂಶೋಧನಾ ಕೇಂದ್ರಕ್ಕೆ ಜಾಲಹಳ್ಳಿಯ ತನ್ನ ಆವರಣದಲ್ಲೇ ಜಾಗ ಕೊಟ್ಟದ್ದೂ ಉಂಟು. ಆದರೆ ಆ ತಯಾರಿಕೆ ಟಿವಿ, ಮೊಬೈಲ್ ಪರದೆಯ ಉದ್ಯಮವಾಗಿ ಬೆಳೆಯಲಿಲ್ಲ.

ಮೂರನೆಯ ಅವಕಾಶ ಈಗ ಬಾಗಿಲಲ್ಲಿದೆ. ಐಟಿಒ ಲೇಪಕ್ಕೆ ಬೇಕಾದ ಇಂಡಿಯಮ್ ಸತುವಿನ ಅದಿರು ಸಂಸ್ಕರಿಸುವಾಗ ಅಷ್ಟಿಷ್ಟು ಸಿಗುವ ಲೋಹ. ಉತ್ಪಾದನೆಯಲ್ಲಿ ಚೀನಾ ಮುಂದು. ಲೇಪವೋ ಬಗ್ಗಿಸಿದರೆ ಸೀಳುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಕಂಡ ದಾರಿ ಹುನಗುಂದದ ರೈತರಿಗೆ ಹೇಳಿಕೊಡಬೇಕಾದ್ದಲ್ಲ. ಎರಿ ಹೊಲ ಬೇಸಿಗೆಯಲ್ಲಿ ಒಣಗಿ ಬಿರಿಯುವ ಭೌತಶಾಸ್ತ್ರವೇ ಇಲ್ಲಿಯೂ ಕೆಲಸ ಮಾಡುತ್ತದೆ. ಗಾಜಿನ ಮೇಲೆ ತೆಳ್ಳಗೆ ಬಳಿದ ದ್ರಾವಣ ಒಣಗುತ್ತ ಜಾಲಜಾಲವಾಗಿ ಬಿರುಕು ಬಿಡುತ್ತದೆ. ಆ ಬಿರುಕುಗಳಿಗೆ ಲೋಹ ತುಂಬಿ, ಉಳಿದ ಪದರವನ್ನು ತೊಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಬಲೆ ಉಳಿಯುತ್ತದೆ. ಅದೇ ಪಾರದರ್ಶಕ ಎಲೆಕ್ಟ್ರೋಡ್. ಚಂದ್ರಶೇಖರ್ ಕಟ್ಟಿದ ಕೇಂದ್ರ ಈಗ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಗಿ ಬೆಂಗಳೂರಿನ ಹೊರವಲಯದ ಶಿವನಪುರದಲ್ಲಿದೆ. ಅದು ನಗರದ ಎಚ್‌ಎಚ್‌ವಿ ಕಂಪನಿಯ ಜೊತೆಗೂಡಿ ಈ ಬಲೆಗೆ ತವರದ ಆಕ್ಸೈಡಿನ ಹೊದಿಕೆ ಕೊಟ್ಟು, ಐಟಿಒ ಗಾಜಿಗಿಂತ ಬಹಳ ಅಗ್ಗದ ಗಾಜು ಸಾಧ್ಯ ಎಂದು ತೋರಿಸಿದೆ.

ಇದನ್ನು ಉಬ್ಬಿಸಿ ಹೇಳುವುದು ಬೇಡ. ಬಿರುಕು ಹೇಳಿದ ಮಾತು ಕೇಳುವುದಿಲ್ಲ, ತನಗೆ ಬೇಕಾದಲ್ಲಿ ಹೋಗುತ್ತದೆ. ಮೊಬೈಲ್ ಪರದೆಯ ಲಕ್ಷಾಂತರ ಚುಕ್ಕೆಗಳ ಅಂಕುಡೊಂಕು ಹಲ್ಲುಗಳನ್ನು ಅದರಿಂದ ಕೊರೆಯಲಾಗದು. ಅದಕ್ಕೆ ಸಾವಿರಾರು ಕೋಟಿಯ ಕಾರ್ಖಾನೆಯೇ ಬೇಕು. ಆದರೆ ಸ್ವಿಚ್ ಒತ್ತಿದರೆ ಮಂಜಾಗುವ ಆಸ್ಪತ್ರೆಯ ಕಿಟಕಿ, ಇಬ್ಬನಿ ಕಟ್ಟದ ವಾಹನದ ಗಾಜು, ದೊಡ್ಡ ಸ್ಪರ್ಶ ಪರದೆ, ಇವಕ್ಕೆಲ್ಲ ಈ ಬಲೆ ಧಾರಾಳ ಸಾಕು. ಮಂಜಾಗುವ ಕಿಟಕಿಯ ಹೊಟ್ಟೆಯಲ್ಲಿರುವುದೂ ದ್ರವ ಸ್ಫಟಿಕದ ಹನಿಗಳೇ.

ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಚಿಪ್ ಮತ್ತು ಪರದೆ ಕಾರ್ಖಾನೆಗಳಿಗಾಗಿ 76,000 ಕೋಟಿ ರೂಪಾಯಿಯ ಯೋಜನೆ ಸಾರಿತು. ಮೊದಲು ಮಂಜೂರಾದ ದೊಡ್ಡ ಘಟಕಗಳೆಲ್ಲ ಚಿಪ್ಪಿನವು. ಗುಜರಾತಿಗೆ, ಅಸ್ಸಾಮಿಗೆ ಹೋದವು. ಬಿಒಇಯಂಥ ಕಾರ್ಖಾನೆ ನಮಗೂ ಬೇಕೆಂದು ರಾಜ್ಯ ಸರ್ಕಾರ ದಿಲ್ಲಿಯ ಬಾಗಿಲು ಕಾಯುವುದಕ್ಕಿಂತ, ಎಲೆಕ್ಟ್ರೋಡ್ ಗಾಜಿನ ಮಧ್ಯಮ ಗಾತ್ರದ ಘಟಕವೊಂದನ್ನು ಕೇಳುವುದು ಜಾಣತನ. ಮೊದಲ ಗಿರಾಕಿಯೂ ಸರ್ಕಾರವೇ ಆಗಬೇಕು. ಹೊಸ ಜಿಲ್ಲಾಸ್ಪತ್ರೆಗಳ ಕಿಟಕಿಗೆ, ಸಾರಿಗೆ ಬಸ್ಸಿನ ಮುಂಗಾಜಿಗೆ ಟೆಂಡರ್ ಕರೆಯುವಾಗ ಈ ಗಾಜಿಗೂ ಒಂದು ಪಾಲು ಇಡಲಿ.

ಘಟಕ ಬೆಂಗಳೂರಿನಲ್ಲೇ ಆಗಬೇಕೆಂದೂ ಇಲ್ಲ. ಬಾದಾಮಿ, ಹುನಗುಂದ ಸೀಮೆಯ ಹುಡುಗರು ಓದುವ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ನಡೆದಿದೆ. ಬಿರುಕಿನ ಪದರ ಬಳಿಯಲು, ಅದರ ಮೇಲೆ ಲೋಹ ಕೂರಿಸಲು ಬೇಕಾದ ನಿರ್ವಾತ ಯಂತ್ರ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ನಿಲುಕದ್ದೇನಲ್ಲ. ಶಿವನಪುರದ ಕೇಂದ್ರ ವಿಧಾನವನ್ನು ಕಲಿಸಿಕೊಟ್ಟು, ಸರ್ಕಾರ ಆ ಯಂತ್ರದ ಹಣ ಒದಗಿಸಿದರೆ ಬಾಗಲಕೋಟೆಯಲ್ಲಿ ಕೆಲಸ ಶುರುವಾಗಬಹುದು.