ಒಬ್ಬ ಅಧ್ಯಕ್ಷ, ಐವತ್ತು ಕಾನೂನು

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದ ಹಲವು ಮನೆಗಳ ಅಂಗಳದಲ್ಲಿ ಬಿಳಿ ಫಲಕಗಳು ಕಾಣಿಸಿಕೊಂಡವು. ಅವುಗಳ ಮೇಲೆ ಅಭ್ಯರ್ಥಿಯ ಹೆಸರಿರಲಿಲ್ಲ, ಘೋಷಣೆಯೂ ಇರಲಿಲ್ಲ. ನಟ್ಟನಡುವೆ ಒಂದು ನೀಲಿ ಚುಕ್ಕೆ, ಅಷ್ಟೇ. ರಿಪಬ್ಲಿಕನ್ನರ ಭದ್ರಕೋಟೆಯಾದ ಆ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ದಕ್ಕಬಹುದಾಗಿದ್ದ ಒಂದೇ ಒಂದು ಎಲೆಕ್ಟರ್ ಮತದ ಗುರುತು ಅದು.

ಅಧ್ಯಕ್ಷರನ್ನು ಆರಿಸುವ ಎಲೆಕ್ಟರ್‌ಗಳು ಒಟ್ಟು 538 ಮಂದಿ. ಗೆಲುವಿಗೆ 270 ಬೇಕು. 48 ರಾಜ್ಯಗಳಲ್ಲಿ ಹೆಚ್ಚು ಮತ ಗಳಿಸಿದವರಿಗೇ ಅಲ್ಲಿನ ಎಲ್ಲ ಎಲೆಕ್ಟರ್‌ಗಳು ಸೇರುತ್ತಾರೆ. ಮೇಯ್ನ್ ಮತ್ತು ನೆಬ್ರಾಸ್ಕಾದಲ್ಲಿ ಮಾತ್ರ ಇಬ್ಬರು ಎಲೆಕ್ಟರ್‌ಗಳು ಇಡೀ ರಾಜ್ಯದ ಫಲಿತಾಂಶದಂತೆ, ಉಳಿದವರು ಸಂಸತ್ ಕ್ಷೇತ್ರವಾರು ಫಲಿತಾಂಶದಂತೆ ನೇಮಕವಾಗುತ್ತಾರೆ. ಮಿಷಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ಗೆದ್ದು, ಜೊತೆಗೆ ಒಮಾಹಾ ಕ್ಷೇತ್ರವೂ ಸಿಕ್ಕಿದರೆ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಅವರಿಗೆ ಸರಿಯಾಗಿ 270 ಆಗುತ್ತದೆ, ಒಮಾಹಾ ತಪ್ಪಿದರೆ 269–269ರ ಸಮಬಲ ಎಂಬುದು ಆಗಿನ ಲೆಕ್ಕಾಚಾರ. ಹಾಗಾಗಿ ನೆಬ್ರಾಸ್ಕಾದ ಐದೂ ಎಲೆಕ್ಟರ್‌ಗಳು ಒಬ್ಬರಿಗೇ ಸಿಗುವಂತೆ ಕಾನೂನು ತಿದ್ದಲು ರಿಪಬ್ಲಿಕನ್ನರ ಒತ್ತಡ ಶುರುವಾಯಿತು. ಗವರ್ನರ್ ಜಿಮ್ ಪಿಲೆನ್ ವಿಶೇಷ ಅಧಿವೇಶನ ಕರೆಯಲೂ ಸಿದ್ಧರಿದ್ದರು. ಆದರೆ 49 ಸದಸ್ಯರ ಸದನದಲ್ಲಿ 33 ಮತ ಕೂಡಬೇಕಿತ್ತು. ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಪಕ್ಷ ಸೇರಿದ್ದ ಒಮಾಹಾದ ಸದಸ್ಯ ಮೈಕ್ ಮೆಕ್‌ಡಾನೆಲ್, ಮತದಾನಕ್ಕೆ 43 ದಿನಗಳಿರುವಾಗ ಈ ಬದಲಾವಣೆ ಬೇಡ ಎಂದರು. ಪ್ರಯತ್ನ ಅಲ್ಲಿಗೇ ನಿಂತಿತು.

ಮೆಚ್ಚಬೇಕಾದ ನಿಲುವು, ನಿಜ. ಆದರೆ ಇಡೀ ದೇಶದ ಚುನಾವಣೆಯ ನಿಯಮ ಒಬ್ಬ ಶಾಸಕನ ವಿವೇಕದ ಮೇಲೆ ನಿಂತಿತ್ತು ಎಂಬುದು ನೆಮ್ಮದಿ ಕೊಡುವ ಸಂಗತಿಯಲ್ಲ.

ಇದರ ಬೇರು ಅಮೆರಿಕ ಸಂವಿಧಾನದ ಎರಡನೇ ವಿಧಿಯಲ್ಲಿದೆ. ಎಲೆಕ್ಟರ್‌ಗಳನ್ನು ಹೇಗೆ ನೇಮಿಸಬೇಕೆಂಬುದನ್ನು ಅದು ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. ಜನರು ಮತ ಹಾಕಬೇಕು ಎಂದು ಅಲ್ಲಿ ಹೇಳಿಯೇ ಇಲ್ಲ. ದಕ್ಷಿಣ ಕೆರೊಲಿನಾದಲ್ಲಿ 1860ರವರೆಗೂ ಶಾಸಕರೇ ಎಲೆಕ್ಟರ್‌ಗಳನ್ನು ಆರಿಸುತ್ತಿದ್ದರು. ರಾಜ್ಯದ ಶಾಸನಸಭೆ ಕೊಟ್ಟರಷ್ಟೇ ಪ್ರಜೆಗೆ ಈ ಮತಹಕ್ಕು ಎಂದು ಸುಪ್ರೀಂ ಕೋರ್ಟ್ 2000ದ ಬುಷ್–ಗೋರ್ ಪ್ರಕರಣದಲ್ಲಿ ಮತ್ತೊಮ್ಮೆ ಹೇಳಿತು.

ಈ ಅಧಿಕಾರ ಮೊದಲಿನಿಂದಲೂ ಪಕ್ಷಗಳ ಕೈಯ ಆಯುಧವಾಗಿದೆ. 1796ರಲ್ಲಿ ವರ್ಜೀನಿಯಾದ ಒಂದು ಮತ ಜೆಫರ್ಸನ್ ಕೈತಪ್ಪಿ ಜಾನ್ ಆಡಮ್ಸ್‌ಗೆ ಹೋಯಿತು. 1800ರ ಚುನಾವಣೆಗೆ ಮುನ್ನ ವರ್ಜೀನಿಯಾ ಕ್ಷೇತ್ರವಾರು ಪದ್ಧತಿಯನ್ನೇ ಕೈಬಿಟ್ಟಿತು. ಅದಕ್ಕೆ ಪ್ರತಿಯಾಗಿ ಆಡಮ್ಸ್‌ರ ಮ್ಯಾಸಚೂಸೆಟ್ಸ್ ಆಯ್ಕೆಯನ್ನು ಶಾಸನಸಭೆಗೆ ಎಳೆದುಕೊಂಡಿತು. 1892ರಲ್ಲಿ ಡೆಮಾಕ್ರಟಿಕ್ ಶಾಸನಸಭೆ ತಂದಿದ್ದ ಕ್ಷೇತ್ರವಾರು ನಿಯಮದಿಂದ ಮಿಷಿಗನ್‌ನ ಮತಗಳು 9–5ಕ್ಕೆ ಹಂಚಿಹೋದವು. ಅಧಿಕಾರ ಬದಲಾದೊಡನೆ ನಿಯಮವೂ ಹೋಯಿತು. 2024ರಲ್ಲಿ ನಡೆದದ್ದೂ ಇದರ ಮುಂದುವರಿಕೆಯೇ: ನೆಬ್ರಾಸ್ಕಾ ಬದಲಿಸಿದರೆ ನಾವೂ ಬದಲಿಸುತ್ತೇವೆ ಎಂದು ಮೇಯ್ನ್‌ನ ಡೆಮಾಕ್ರಟಿಕ್ ಮುಖಂಡರು ಎಚ್ಚರಿಸಿದ್ದರು.

ಮತದಾನ ಮುಗಿದ ಮೇಲಿನ ಅಪಾಯವನ್ನು ಒಂದಿಷ್ಟು ತಡೆಯಲಾಗಿದೆ. ಮಿಷಿಗನ್‌ನಲ್ಲಿ ಬೈಡನ್ ಗೆದ್ದಿದ್ದರೂ, 2020ರ ಡಿಸೆಂಬರ್ 14ರಂದು ಅಲ್ಲಿನ 16 ಮಂದಿ ರಿಪಬ್ಲಿಕನ್ನರು ತಾವೇ ಅಧಿಕೃತ ಎಲೆಕ್ಟರ್‌ಗಳೆಂದು ಕಾಗದಕ್ಕೆ ಸಹಿ ಹಾಕಿದ್ದರು. ಇಂಥ ಪ್ರಯತ್ನ ಒಟ್ಟು ಏಳು ರಾಜ್ಯಗಳಲ್ಲಿ ನಡೆಯಿತು. ಆ ಬಳಿಕ ಬಂದ 2022ರ ಫೆಡರಲ್ ಕಾಯ್ದೆಯ ಪ್ರಕಾರ, ಚುನಾವಣಾ ದಿನಕ್ಕೆ ಮೊದಲೇ ಜಾರಿಯಲ್ಲಿದ್ದ ಕಾನೂನಿನಂತೆಯೇ ಎಲೆಕ್ಟರ್‌ಗಳ ನೇಮಕ ಆಗಬೇಕು. ಮತ ಹಾಕಿದ ಮೇಲೆ ಶಾಸನಸಭೆ ಹೊಸ ದಾರಿ ಹುಡುಕುವಂತಿಲ್ಲ. ಆದರೆ ಚುನಾವಣೆಯ ಹಿಂದಿನ ದಿನದವರೆಗೂ ಬಾಗಿಲು ತೆರೆದೇ ಇದೆ. ಒಮಾಹಾದಲ್ಲಿ ತಳ್ಳಿ ನೋಡಿದ್ದು ಆ ಬಾಗಿಲನ್ನೇ.

ನಮ್ಮ ರಾಷ್ಟ್ರಪತಿಯ ಆಯ್ಕೆಯೂ ಪರೋಕ್ಷವೇ. ಆದರೆ ಕರ್ನಾಟಕದ ಶಾಸಕರೊಬ್ಬರ ಮತಕ್ಕೆ 131 ಮೌಲ್ಯ ಎಂಬುದು ಸಂವಿಧಾನದ 55ನೇ ವಿಧಿಯ ಸೂತ್ರದಿಂದ ಬಂದದ್ದು. ಅದನ್ನು ವಿಧಾನಸಭೆ ತನ್ನ ಅನುಕೂಲಕ್ಕೆ ತಿದ್ದಲಾರದು. ಅಮೆರಿಕದ ಒಕ್ಕೂಟದ ಹುಟ್ಟು ಬೇರೆ, ಹಾಗಾಗಿ ಎಲ್ಲ ರಾಜ್ಯಗಳಿಗೂ ಒಂದೇ ನಿಯಮ ಬರಲಿ ಎನ್ನುವುದು ಸುಲಭದ ಮಾತಲ್ಲ. ಕ್ಷೇತ್ರವಾರು ಪದ್ಧತಿ ಮೇಲೋ, ಇಡಿಯಾಗಿ ಕೊಡುವುದು ಮೇಲೋ ಎಂಬ ಚರ್ಚೆಗೂ ಜಾಗವಿದೆ. ಗೆಲ್ಲುವವರು ಯಾರೆಂಬ ಲೆಕ್ಕ ಹಾಕಿ, ಪ್ರಚಾರದ ನಡುವೆ ಪದ್ಧತಿ ಬದಲಿಸುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಪರಿಹಾರ ದೂರದಲ್ಲೇನೂ ಇಲ್ಲ. ಮೇಯ್ನ್‌ನಲ್ಲಿ ಸಾಮಾನ್ಯ ಕಾನೂನು ಜಾರಿಗೆ ಬರುವುದು ಅಧಿವೇಶನ ಮುಗಿದು 90 ದಿನಗಳ ನಂತರ. ತುರ್ತಾಗಿ ಬೇಕೆಂದರೆ ಮೂರನೇ ಎರಡರಷ್ಟು ಬಹುಮತ ಬೇಕು. ಈ ಕಾಯುವಿಕೆಯನ್ನು ಇನ್ನಷ್ಟು ಹಿಗ್ಗಿಸಿ, ಎಲೆಕ್ಟರ್ ನೇಮಕದ ಯಾವುದೇ ಬದಲಾವಣೆ ಎದುರಿಗಿರುವ ಚುನಾವಣೆಗಲ್ಲ, ಅದರ ನಂತರದ ಚುನಾವಣೆಯಿಂದಷ್ಟೇ ಅನ್ವಯ ಎಂದು ಪ್ರತಿ ರಾಜ್ಯವೂ ತನ್ನ ಸಂವಿಧಾನದಲ್ಲೇ ಬರೆದುಕೊಳ್ಳಬೇಕು. ಆಗ ನಿಯಮ ತಿದ್ದುವವರಿಗೂ ಅದರ ಫಲ ಯಾರ ಪಾಲಿಗೆ ಎಂಬುದು ಮೊದಲೇ ತಿಳಿದಿರುವುದಿಲ್ಲ. ಒಮಾಹಾದ ಮತದಾರರು ತಮ್ಮ ಮತದ ಬೆಲೆಯನ್ನು ಅಂಗಳದಲ್ಲಿ ಫಲಕ ನೆಟ್ಟು ಕಾಯಬೇಕಾಗಿಯೂ ಇರುವುದಿಲ್ಲ.